ಧಣಿ ಬೆಳ್ಳುಳ್ಳಿ ಮುಟ್ಟುವುದಿಲ್ಲ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಕ್ರಿಕೆಟ್ಟು, ಒಬ್ಬರಿಗೆ ಕೈಗಡಿಯಾರ, ಇನ್ನೊಬ್ಬರಿಗೆ ರಜೆಗೆ ಹೋದಾಗಲೆಲ್ಲ ಊರಿನ ಮನೆಯ ಮೇಲೆ ಒಂದು ಮಹಡಿ ಏರಿಸುವುದು. ಇಂಥ ಹುಚ್ಚುಗಳನ್ನು ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ದೋಹಾದ ಏರ್ ಕಂಡೀಷನ್ ಕಂಪೆನಿಯೊಂದರಲ್ಲಿ ಮರ್ಯಾದೆಯಿಂದ ಕೆಲಸ ಮಾಡಿಕೊಂಡು, ಸಂಕಷ್ಟಿಗೆ ಒಪ್ಪತ್ತು ಮಾಡಿಕೊಂಡು ಇದ್ದ ದಪ್ಪ ಕನ್ನಡಕದ ನಾನು, ಹಳೆಯ ಇಂಗ್ಲಿಷ್ ರಕ್ತಪಿಶಾಚಿ ಸಿನಿಮಾಗಳೆಂದರೆ ಪ್ರಾಣ ಬಿಡುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ಅದೂ ಅಮೆರಿಕದವರು ನೀರಿನಂತೆ ದುಡ್ಡು ಸುರಿದು ಮಾಡಿದ ಸಿನಿಮಾಗಳಲ್ಲ. ಇಂಗ್ಲೆಂಡಿನಲ್ಲಿ ಯಾವುದೋ ಹಳೇ ಬಂಗಲೆಯನ್ನು ಹಿಡಿದುಕೊಂಡು, ಕೈ ಬಿಗಿ ಮಾಡಿ, ಇದ್ದದ್ದರಲ್ಲೇ ಸುಧಾರಿಸಿ ತೆಗೆದ ಸಿನಿಮಾಗಳು. ನಾನು ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದವು.

ಆ ಬಡತನವೇ ನನಗೆ ಇಷ್ಟ. ಈ ವಾರ ನೋಡಿದ ಸಿನಿಮಾದಲ್ಲಿ ಬಂಗಲೆ ಪಿಶಾಚಿಯ ಕೋಟೆ. ಮುಂದಿನ ವಾರ ಅದೇ ಮೆಟ್ಟಿಲು, ಅದೇ ಕಂಬ, ಕಿಟಕಿಯ ಪರದೆ ಮಾತ್ರ ಬೇರೆ. ಈಗ ಅದು ಹುಡುಗಿಯರ ಬೋರ್ಡಿಂಗ್ ಶಾಲೆ. ಕುದುರೆಗಾಡಿ ಒಂದೇ ಮರಗಳ ಸಾಲಿನಲ್ಲಿ ಎಷ್ಟು ಸಲ ಓಡುತ್ತದೆಂದರೆ, ಆ ಮರಗಳ ಗುರುತು ನನಗೆ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ನ ಗುರುತಿಗಿಂತ ಚೆನ್ನಾಗಿತ್ತು. ಬಾವಲಿ ಹಾರುವಾಗ ದಾರ ಕಾಣುತ್ತದೆ. ನಡುರಾತ್ರಿ ಎಂದು ತೋರಿಸುವಲ್ಲಿ ಎಲ್ಲರ ನೆರಳೂ ನೆಲದ ಮೇಲೆ ಕಪ್ಪಗೆ ಬಿದ್ದಿರುತ್ತದೆ, ಮಟಮಟ ಮಧ್ಯಾಹ್ನ ತೆಗೆದು ಮೇಲಿಂದ ನೀಲಿ ಬಣ್ಣ ಕೊಟ್ಟದ್ದು. ರಕ್ತವಂತೂ ಮದುವೆ ಮನೆಯ ಓಕುಳಿಯ ಹಾಗೆ. ಆದರೆ ನಟರ ಮುಖದಲ್ಲಿ ಒಂದು ಚೂರೂ ತಮಾಷೆ ಇಲ್ಲ! ದಾರ ಕಟ್ಟಿದ ಬಾವಲಿಯನ್ನು ಕಂಡು ಅವರು ಮನಸ್ಸಿಟ್ಟು ಹೆದರುತ್ತಾರೆ. ಕೆಲಸದ ಮೇಲೆ ಅಷ್ಟು ಶ್ರದ್ಧೆ ನನಗೆ ಯಾವತ್ತೂ ಇರಲಿಲ್ಲ.

ಇನ್ನೊಂದು ಏನೆಂದರೆ, ಈ ಪಿಶಾಚಿ ಕಾನೂನಿಗೆ ಕಟ್ಟುಬಿದ್ದವನು. ಒಳಗಿನವರು ಬಾ ಎನ್ನದೆ ಅವನು ಯಾರ ಹೊಸಿಲನ್ನೂ ದಾಟುವಂತಿಲ್ಲ. ನಾವೂ ಸ್ಪಾನ್ಸರ್ ಕರೆಯದೆ ವಿಮಾನ ಇಳಿಯುವಂತಿರಲಿಲ್ಲ. ಅವನಿಗೆ ಬಿಸಿಲು ಆಗದು. ಜುಲೈ ತಿಂಗಳ ದೋಹಾದಲ್ಲಿ ಯಾರಿಗೆ ಆಗುತ್ತದೆ? ಶುಕ್ರವಾರ ರಜೆಯ ಹಗಲೆಲ್ಲ ಪರದೆ ಎಳೆದು ಮಲಗಿ, ಸೂರ್ಯ ಮುಳುಗಿದ ಮೇಲೆ ಕ್ರಾಪು ಬಾಚಿಕೊಂಡು ಹೊರಬೀಳುವ ನಮಗೆ ಅವನಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಸುಟ್ಟು ಬೂದಿಯಾದವನು ಮುಂದಿನ ಸಿನಿಮಾಕ್ಕೆ ಹೇಗೋ ಎದ್ದು ಕೂರುತ್ತಾನೆ. “ಈ ಕಾಂಟ್ರಾಕ್ಟ್ ಮುಗಿದರೆ ಖಲಾಸ್, ಮತ್ತೆ ಊರೇ” ಎಂದು ವರ್ಷವರ್ಷವೂ ಹೇಳಿ ವೀಸಾ ರಿನ್ಯೂ ಮಾಡಿಸುತ್ತಿದ್ದ ನಾನು ಅವನನ್ನು ಕಂಡು ಯಾವ ಬಾಯಿಂದ ನಗಲಿ?

ನನಗೆ ಈ ಸಿನಿಮಾಗಳನ್ನು ಒದಗಿಸುತ್ತಿದ್ದವರು ಹಮೀದಾಕ. ಬಂಟ್ವಾಳ ಕಡೆಯ ಬ್ಯಾರಿ. ದೋಹಾದ ಮುಶೈರಿಬ್ ಪೇಟೆಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ವಿಡಿಯೋ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಹೊಸದು ಬಂದರೆ ರಸ್ತೆಯಿಂದಲೇ ಕೂಗು: “ಹೋಯ್, ನಿಮ್ಮ ಸತ್ತವ ಬಂದಿದ್ದಾನೆ ಮಾರಾಯ್ರೆ! ಯಲ್ಲಾ, ಬೇಗ ಬನ್ನಿ!” ದಾರಿಹೋಕರು ನನ್ನನ್ನು ಅನುಕಂಪದಿಂದ ನೋಡುತ್ತಿದ್ದರು. ಹಮೀದಾಕನ ಕ್ಯಾಸೆಟ್ಟುಗಳಿಗೆ ಒಂದೇ ಐಬು. ಎಲ್ಲವೂ ಸೆನ್ಸಾರ್ ಆಗಿ ಬಂದವು. ಗಂಡಸು ಹೆಂಗಸಿನ ಕುತ್ತಿಗೆಯ ಕಡೆ ಬಾಗಿದ ಎಂದರೆ ಕತ್ತರಿ. ಮುತ್ತು ಕೊಡಲು ಬಾಗಿದನೋ, ರಕ್ತ ಹೀರಲು ಬಾಗಿದನೋ ಎಂದು ಕಾದು ನೋಡುವ ವ್ಯವಧಾನ ಕತ್ತರಿಗೆ ಎಲ್ಲಿಂದ ಬರಬೇಕು? ಕಿಟಕಿಯ ಪರದೆ ಅಲ್ಲಾಡುತ್ತದೆ, ಅವನು ಬಂದು ನಿಲ್ಲುತ್ತಾನೆ, ಹುಡುಗಿ ಹಾಸಿಗೆಯಲ್ಲಿ ಎದ್ದು ಕೂರುತ್ತಾಳೆ, ಚರ್ ಎಂದು ಒಂದು ಗೆರೆ ಹಾಯುತ್ತದೆ, ಅಷ್ಟರಲ್ಲಿ ಬೆಳಗಾಗಿದೆ, ಹುಡುಗಿಗೆ ನಿತ್ರಾಣ. ಇಷ್ಟು ಸಿನಿಮಾ ನೋಡಿದ ನಾನು, ಅವನು ಒಂದು ತೊಟ್ಟು ರಕ್ತ ಕುಡಿದದ್ದನ್ನು ಕಣ್ಣಾರೆ ಕಂಡವನಲ್ಲ.

ಹೀಗೆ ಸುಖವಾಗಿದ್ದ ನನ್ನ ಶುಕ್ರವಾರಗಳ ನಡುವೆ ಅತ್ತೆ ಬಂದರು. ನನ್ನ ಹೆಂಡತಿ ಶೈಲನಿಗೆ ಆಗ ಏಳು ತಿಂಗಳಾಗಿತ್ತು, ಮೊದಲ ಹೆರಿಗೆ. ಬಾಣಂತನಕ್ಕೆಂದು ಅವಳ ಅಮ್ಮನನ್ನು ಉಡುಪಿಯ ಹತ್ತಿರದ ಊರಿನಿಂದ ವಿಸಿಟ್ ವೀಸಾದಲ್ಲಿ ಕರೆಸಿದ್ದೆವು. ಅತ್ತೆ ಬರುವಾಗ ಬಿಸ್ಕತ್ತಿನ ಡಬ್ಬದಲ್ಲಿ ಮನೆಯಂಗಳದ ಮಣ್ಣು ತುಂಬಿ, ಅದರಲ್ಲಿ ಒಂದು ತುಳಸಿ ಸಸಿ ನೆಟ್ಟು, ಬೊಂಬಾಯಿಯ ಮೇಲಾಗಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ದೋಹಾ ಏರ್‌ಪೋರ್ಟಿನಲ್ಲಿ ಅಧಿಕಾರಿ ಡಬ್ಬ ತೆರೆಸಿ, ಒಂದು ಎಲೆ ಹಿಸುಕಿ ಮೂಸಿ, “ರೈಹಾನ್!” ಎಂದು ತನ್ನ ಭಾಷೆಯಲ್ಲಿ ತುಳಸಿಯ ಹೆಸರು ಹೇಳಿ, ಮುಖ ಅರಳಿಸಿ ಬಿಟ್ಟುಬಿಟ್ಟನಂತೆ. ಅತ್ತೆ ಈ ದೇಶದ ಬಗ್ಗೆ ಹೇಳಿದ ಒಳ್ಳೆಯ ಮಾತು ಸದ್ಯಕ್ಕೆ ಅದೊಂದೇ.

ಅತ್ತೆ ಬಂದೊಡನೆ ಅಡುಗೆಮನೆಯಿಂದ ಬೆಳ್ಳುಳ್ಳಿ ಹೊರಟುಹೋಯಿತು. ಅವರಿಗೆ ಅದರ ವಾಸನೆಯೂ ಆಗದು. ನನಗೋ, ಮದುವೆಗೆ ಮುಂಚೆ ಬ್ಯಾಚುಲರ್ ರೂಮಿನಲ್ಲಿ ಕಳೆದ ಕಾಲದಿಂದ ಅದಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಹಮೀದಾಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳ್ಳುಳ್ಳಿ ಚಟ್ನಿ ನೆಕ್ಕಿ, ಏಲಕ್ಕಿ ಜಗಿಯುತ್ತಾ ಮನೆಗೆ ಬರುತ್ತಿದ್ದೆ. ಅಳಿಯ ಏಲಕ್ಕಿ ಇಷ್ಟು ತಿನ್ನುವುದೇಕೆ ಎಂದು ಅತ್ತೆ ಕೇಳಲಿಲ್ಲ. ಕೇಳುವ ಕ್ರಮವೇ ಇರಲಿಲ್ಲ. ಮದುವೆಯಾಗಿ ಆರು ವರ್ಷವಾಗಿದ್ದರೂ ಅತ್ತೆ ನನ್ನೊಡನೆ ನೇರವಾಗಿ ಒಂದು ಮಾತಾಡಿದವರಲ್ಲ. ಅವರ ಕಡೆ ಹಳೇ ಕಾಲದ ಶಿಸ್ತು ಎಂದು ನಾನು ತಿಳಿದಿದ್ದೆ. ನಾನು ಎದುರಿಗೇ ಎಲೆ ಹಾಕಿಕೊಂಡು ಕೂತಿದ್ದರೂ, “ಶೈಲ, ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳು” ಎನ್ನುವರು. ಶೈಲ ನನ್ನ ಕಡೆ ತಿರುಗಿ, “ಬೇಕಾ?” ಎನ್ನುವಳು. ನಾನು ಶೈಲನಿಗೆ, “ಸಾಕು” ಎನ್ನುವೆನು. “ಸಾಕಂತೆ ಅಮ್ಮ.” ಒಂದು ದೋಸೆಯ ವಿಷಯ ಇತ್ಯರ್ಥವಾಗುವಷ್ಟರಲ್ಲಿ ಅದು ಕಾವಲಿಯ ಮೇಲೆ ಕರಿಯಾಗಿರುತ್ತಿತ್ತು.

ಊರಿನಲ್ಲಿ ಅತ್ತೆಯದು ಮೂರೂ ಹೊತ್ತು ಜನ ತುಂಬಿದ ಮನೆ. ಜಗಲಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ಮಾತಾಡಿಸಿಯೇ ಹೋಗಬೇಕು. ಇಲ್ಲಿ ಕಿಟಕಿ ತೆರೆದರೆ ಎದುರಿನ ಗೋಡೆ, ಮುಚ್ಚಿದರೆ ಏಸಿಯ ಗುಂಯ್ ಸದ್ದು. ಒಂದು ದಿನ ಮಧ್ಯಾಹ್ನ ಬಾಲ್ಕನಿಯಲ್ಲಿ ಹಪ್ಪಳ ಒಣಹಾಕಲು ಹೋಗಿ ತಲೆತಿರುಗಿ ಕೂತುಬಿಟ್ಟರು. ಆಮೇಲೆ ಮಾತು ಪೂರಾ ನಿಂತಿತು. ಟಿವಿಗೆ ಬೆನ್ನು ಹಾಕಿ, ತುಳಸಿ ಡಬ್ಬದ ಮುಂದೆ ಕುರ್ಚಿ ಎಳೆದುಕೊಂಡು ಕೂರುವುದೇ ಆಯಿತು. ಕೊನೆಗೊಂದು ದಿನ ಹೇಳಿಯೇಬಿಟ್ಟರು. “ಶೈಲ, ಅವರಿಗೆ ನನ್ನ ಟಿಕೇಟು ಮಾಡಿಸ್ಲಿಕ್ಕೆ ಹೇಳು. ಇಲ್ಲಿ ಆಸ್ಪತ್ರೆ ಉಂಟು, ಡಾಕ್ಟ್ರುಂಟು. ನಂದೆಂತ ಕೆಲ್ಸ ಇಲ್ಲಿ?”

ಶೈಲ ಕೋಣೆಗೆ ಹೋಗಿ ಅತ್ತಳು. ನನಗೂ ಅಳು ಬರುವುದೊಂದು ಬಾಕಿ. ಬಾಣಂತನದಲ್ಲಿ ನನಗೆ ತಿಳಿದದ್ದು ಬಿಸಿನೀರು ಕಾಯಿಸುವುದು ಮಾತ್ರ, ಅದೂ ಗೀಸರ್ ಇದ್ದರೆ. ನಾನು ಬೆಳಿಗ್ಗೆ ಆಫೀಸಿಗೆ ಹೋದರೆ ಶೈಲ ಹಸಿಗೂಸಿನೊಡನೆ ಒಬ್ಬಳೇ. “ಹೇಗಾದರೂ ಅಮ್ಮನನ್ನು ನಿಲ್ಲಿಸಿ” ಎಂದಳು. ನಿಲ್ಲಿಸುವುದು ಹೇಗೆ? ನಿಲ್ಲಿ ಎಂದು ಹೇಳಲಿಕ್ಕೂ ಶೈಲನ ಮೂಲಕವೇ ಹೇಳಬೇಕು.

ಆ ಶುಕ್ರವಾರ ಊಟವಾದ ಮೇಲೆ ತಲೆಬಿಸಿ ಮರೆಯಲೆಂದು ಒಂದು ಕ್ಯಾಸೆಟ್ ಹಾಕಿದೆ. ಶೈಲ ಸೋಫಾದಲ್ಲಿ ಒರಗಿದವಳು ಅಲ್ಲೇ ನಿದ್ದೆಹೋದಳು. ಅತ್ತೆ ಎಂದಿನಂತೆ ತುಳಸಿಯ ಮುಂದೆ. ತೆರೆಯ ಮೇಲೆ ಹಡಗಿನಿಂದ ಉದ್ದನೆಯ ಪೆಟ್ಟಿಗೆ ಇಳಿಯಿತು. ಬೀಗ ಒಡೆದರು. ಒಳಗೆ ಬರೀ ಮಣ್ಣು.

“ಶೈಲ, ಪೆಟ್ಟಿಗೆಯಲ್ಲಿ ಅದೆಂತದು ಕೇಳು” ಎಂದರು ಅತ್ತೆ. ಅವರು ಯಾವಾಗ ತಿರುಗಿ ನೋಡಿದರೋ ತಿಳಿಯದು. ಶೈಲನಿಗೆ ಗೊರಕೆ. ಅತ್ತೆ ತುಳಸಿಯನ್ನು ನೋಡಿದರು. ನಾನು ಟಿವಿಯನ್ನು ನೋಡಿದೆ.

“ಮಣ್ಣು” ಎಂದೆ, ಟಿವಿಗೆ. “ಅವನ ಊರಿನದ್ದು. ಪರದೇಶಕ್ಕೆ ಬಂದಿದ್ದಾನೆ. ಎಲ್ಲಿಗೆ ಹೋದರೂ ಊರಿನ ಮಣ್ಣು ಜತೆಗೆ ಬೇಕು. ಅದಿಲ್ಲದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.”

“ಅಯ್ಯೋ, ಪಾಪ!” ಎಂದರು ಅತ್ತೆ, ತುಳಸಿಗೆ. ಆಮೇಲೆ ಕುರ್ಚಿ ತಿರುಗಿಸಿದರು.

ಅಂದಿನಿಂದ ಅವನು ‘ಧಣಿ’ಯಾದ. ಅತ್ತೆಯ ಕಣ್ಣಿಗೆ ಅವನಷ್ಟು ಆಚಾರವಂತ ಇಂಗ್ಲೆಂಡಿನಲ್ಲಿ ಇನ್ನೊಬ್ಬನಿಲ್ಲ. ಅತಿಥಿಗಳಿಗೆ ಮೇಜಿನ ತುಂಬ ಬಡಿಸುತ್ತಾನೆ, ತಾನು ಮಾತ್ರ ಒಂದು ತುತ್ತೂ ಮುಟ್ಟುವುದಿಲ್ಲ. “ಏಕಾದಶಿ ಇರ್ಬೇಕು” ಎಂದರು ತುಳಸಿಗೆ. ಕರೆಯದೆ ಯಾರ ಮನೆಗೂ ಕಾಲಿಡುವುದಿಲ್ಲ. “ಕಲೀಲಿಕ್ಕುಂಟು ಇವನಿಂದ. ನಮ್ಮ ಕಡೆ ನೆಂಟರು ಪೆಟ್ಟಿಗೆ ಸಮೇತ ಬಂದು ಕೂರುದು.” ಕನ್ನಡಿಯ ಹತ್ತಿರ ಸುಳಿಯುವುದಿಲ್ಲ, ಎಂದರೆ ಶೋಕಿ ಇಲ್ಲ. ಎಲ್ಲಕ್ಕಿಂತ ದೊಡ್ಡದಾಗಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ! ಊರಿನವರು ಹುಡುಗಿಯ ಕೋಣೆಯ ತುಂಬ ಬೆಳ್ಳುಳ್ಳಿ ಗೊಂಚಲು ಕಟ್ಟಿದ್ದನ್ನೂ, ಧಣಿ ಮುಖ ಸಿಂಡರಿಸಿಕೊಂಡು ಹಿಂದೆ ಸರಿದದ್ದನ್ನೂ ನೋಡಿ ಅತ್ತೆಗೆ ನಿಜವಾಗಿ ಸಿಟ್ಟು ಬಂತು. “ಆಗದವರ ಮುಖಕ್ಕೇ ಕಟ್ಟುದಾ? ಮನುಷ್ಯರಾ ಇವರು?” ಎಂದರು. ನಾನು ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡೆ.

ಧಣಿಯನ್ನು ಬೇಟೆಯಾಡಲು ಬರುವ ಮುದಿ ಡಾಕ್ಟರನನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. ಚೀಲ ಹಿಡಿದು ಕಂಡವರ ಮನೆಗೆ ನುಗ್ಗುತ್ತಾನೆ, ಹಗಲು ಮಲಗಿದವನ ಎದೆಗೆ ಗೂಟ ಹೊಡೆಯುತ್ತಾನೆ, ಅದೂ ಆಗದಿದ್ದರೆ ಪರದೆ ಎಳೆದು ಬಿಸಿಲು ಬಿಡುತ್ತಾನೆ. ಧಣಿ ಬಿಸಿಲಿಗೆ ಬೂದಿಯಾದಾಗ ನಾನು, “ಇದೆಲ್ಲ ಸಿನಿಮಾ ಟ್ರಿಕ್ಕು” ಎಂದೆ ಟಿವಿಗೆ. “ಎಂತ ಟ್ರಿಕ್ಕು?” ಎಂದರು ಅತ್ತೆ ತುಳಸಿಗೆ. “ಆ ದಿನ ಬಾಲ್ಕನಿಯಲ್ಲಿ ಇನ್ನು ಸ್ವಲ್ಪ ಹೊತ್ತು ನಿಂತಿದ್ರೆ ನಂದೂ ಅದೇ ಗತಿ.”

ಟಿಕೇಟಿನ ಮಾತು ಮತ್ತೆ ಬರಲಿಲ್ಲ. ಶುಕ್ರವಾರ ಊಟ ಬೇಗ ಮುಗಿಸಿ, ತಾವೇ ಪರದೆ ಎಳೆದು, “ಶೈಲ, ಇವತ್ತು ಧಣಿ ಇಲ್ವಾ ಕೇಳು” ಎನ್ನುವಂತಾಯಿತು. ಶೈಲನ ಮುಖದಲ್ಲಿ ಬಣ್ಣ ಬಂತು. ಆದರೆ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. “ಅವನು ರಕ್ತ ಕುಡಿಯುವವನು ಅಂತ ಅಮ್ಮನಿಗೆ ಗೊತ್ತಾಗಬಾರದು, ಆಯ್ತಾ? ಬಸುರಿ ಇರುವ ಮನೆಯಲ್ಲಿ ಅಂಥದ್ದು ಅಂದರೆ ಅವತ್ತೇ ಚೀಲ ಕಟ್ಟುತ್ತಾರೆ.” ಕತ್ತರಿಯವರ ಕೃಪೆಯಿಂದ ಅರ್ಧ ಕೆಲಸ ಆಗಿತ್ತು. ಉಳಿದರ್ಧ ನನ್ನ ಪಾಲಿನದು. ಹುಡುಗಿಗೆ ಏನಾಯಿತು? ಜ್ವರ. ಎಲ್ಲ ಸಿನಿಮಾದಲ್ಲೂ ಜ್ವರವೇ? ಅಲ್ಲಿ ಚಳಿ ಜಾಸ್ತಿ. ಕುತ್ತಿಗೆಯಲ್ಲಿ ಅದೇನು ಎರಡು ಚುಕ್ಕೆ? ಸೊಳ್ಳೆ. ಚಳಿಯಲ್ಲೂ ಸೊಳ್ಳೆಯೇ? ಇಂಗ್ಲೆಂಡಿನ ಸೊಳ್ಳೆಗೆ ಚಳಿ ತಾಗುವುದಿಲ್ಲ. ಹೀಗೆ ಒಂದು ಸುಳ್ಳನ್ನು ಕಾಯಲು ಇನ್ನೊಂದು ಹೇಳುತ್ತಾ, ನಾನು ಧಣಿಗೆ ಒಂದು ವಂಶವನ್ನೂ, ತೀರಿಹೋದ ಹೆಂಡತಿಯನ್ನೂ, ಆಸ್ತಿ ನುಂಗಿದ ತಮ್ಮನನ್ನೂ ಮಾಡಿಕೊಟ್ಟೆ. ಆಫೀಸಿನಲ್ಲಿ ಕೂತು ಮುಂದಿನ ವಾರದ ಕಥೆ ಹೊಸೆಯುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಶುಕ್ರವಾರಗಳಿಗಾಗಿ ವಾರವಿಡೀ ಕಾಯುತ್ತಿದ್ದದ್ದು ಅತ್ತೆ ಒಬ್ಬರೇ ಅಲ್ಲ.

ಅಷ್ಟರಲ್ಲಿ ನಮ್ಮ ಆಫೀಸಿನ ಇಂಗ್ಲಿಷ್ ಇಂಜಿನಿಯರ್ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ. ನನ್ನ ಹುಚ್ಚು ಗೊತ್ತಿದ್ದ ಏಕೈಕ ಸಹೋದ್ಯೋಗಿ. ಹೋಗುವ ಮುಂಚೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟ. ಅದರ ತುಂಬ ಅವೇ ಸಿನಿಮಾಗಳು, ಅವನೂರಿನ ಕ್ಯಾಸೆಟ್ಟುಗಳು. “ಇದನ್ನು ವಾಪಸು ತಂದರೆ ಹೆಂಡತಿ ಮನೆಯೊಳಗೆ ಬಿಡುವುದಿಲ್ಲ” ಎಂದ. ಪಿಶಾಚಿಗಿಂತ ಕಷ್ಟ ಅವನದು. ಕತ್ತರಿ ತಾಗದ ಮಾಲು ಮನೆಯಲ್ಲಿದೆ ಎಂದು ತಿಳಿದದ್ದೇ ಶೈಲ ಅದನ್ನು ಕಪಾಟಿನ ಮೇಲೆ ಹಾಕಿಸಿ, ಮೇಲಿಂದ ಕಂಬಳಿ ಹೊದಿಸಿದಳು.

ಮುಂದಿನ ಶುಕ್ರವಾರ ಹಮೀದಾಕನ ಕ್ಯಾಸೆಟ್ಟು ವಿಸಿಆರ್‌ನೊಳಗೆ ಸಿಕ್ಕಿಕೊಂಡು ರಿಬ್ಬನ್ನು ಸೇವಿಗೆಯಂತೆ ಹೊರಬಂತು. ಕೆಳಗೆ ಓಡಿದೆ. ಹಮೀದಾಕ ಮಧ್ಯಾಹ್ನದ ನಮಾಜು ಮುಗಿಸಿ ಊಟಕ್ಕೆ ಹೋಗಿದ್ದರು. ಇನ್ನು ಅಂಗಡಿ ತೆರೆಯುವುದು ಸಂಜೆಗೆ. ಮೇಲೆ ಬಂದು, “ಇವತ್ತು ಮಾಫಿ, ಸಿನಿಮಾ ಇಲ್ಲ” ಎಂದು ಕೈಯಾಡಿಸಿದೆ.

“ಶೈಲ” ಎಂದರು ಅತ್ತೆ. “ಕಪಾಟಿನ ಮೇಲೆ ಕಂಬಳಿ ಅಡಿಯಲ್ಲಿ ಒಂದು ಪೆಟ್ಟಿಗೆ ಉಂಟಲ್ಲ? ಧೂಳು ಹೊಡೆಯುವಾಗ ನೋಡಿದ್ದೆ. ಅದರ ಮೇಲೆ ಧಣಿಯ ಪಟ ಉಂಟು. ಅದನ್ನು ಹಾಕ್ಲಿಕ್ಕೆ ಹೇಳು.”

ಶೈಲ ನನ್ನನ್ನು ನೋಡಿದಳು. ಆ ನೋಟದಲ್ಲಿ ಟಿಕೇಟು, ಆಸ್ಪತ್ರೆ, ಬಿಸಿನೀರು ಎಲ್ಲವೂ ಇತ್ತು. ನಾನು ಧೈರ್ಯ ಮಾಡಿ, ಪೆಟ್ಟಿಗೆಯಿಂದ ಅತ್ತೆ ಮೊದಲ ದಿನ ನೋಡಿದ ಸಿನಿಮಾವನ್ನೇ ಆರಿಸಿದೆ. ಅದು ನನಗೆ ಬಾಯಿಪಾಠ. ಎಲ್ಲಿ ಚರ್ ಎನ್ನುತ್ತದೆ ಎಂದು ಗೊತ್ತು. ಸರಿಯಾಗಿ ಅಲ್ಲಿ ಮುಂದಕ್ಕೆ ಓಡಿಸಿದರಾಯಿತು. ವಿಸಿಆರ್ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ, ಬೆರಳನ್ನು ಬಟನ್ನಿನ ಮೇಲಿಟ್ಟು ಕೂತೆ. ಹಡಗು ಬಂತು. ಮಣ್ಣಿನ ಪೆಟ್ಟಿಗೆ ಬಂತು. ಕಿಟಕಿಯ ಪರದೆ ಅಲ್ಲಾಡಿತು, ಧಣಿ ಬಂದು ನಿಂತ, ಹುಡುಗಿ ಎದ್ದು ಕೂತಳು. ಒತ್ತಿದೆ.

ಗಾಬರಿಗೆ ಬೆರಳು ಪಕ್ಕದ ಬಟನ್ನಿನ ಮೇಲೆ ಬಿದ್ದಿತ್ತು. ಚಿತ್ರ ಓಡಲಿಲ್ಲ, ನಿಂತಿತು. ಟಿವಿಯ ತುಂಬ ಧಣಿಯ ಮುಖ, ಹುಡುಗಿಯ ಕುತ್ತಿಗೆ, ಎರಡು ಉದ್ದನೆಯ ಹಲ್ಲು, ಓಕುಳಿಯ ಧಾರೆ. ಎಲ್ಲವೂ ಗಡಗಡ ನಡುಗುತ್ತಾ ನಿಂತಿದೆ. ಇನ್ನೊಮ್ಮೆ ಒತ್ತಿದೆ, ಚಿತ್ರ ಒಂದಿಷ್ಟು ಸರಿದು, ಹಲ್ಲು ಇನ್ನಷ್ಟು ಒಳಗೆ ಇಳಿದು, ಮತ್ತೆ ನಿಂತಿತು. ಶೈಲ ಕಣ್ಣು ಮುಚ್ಚಿಕೊಂಡಳು.

ಅತ್ತೆ ತುಳಸಿಯನ್ನು ನೋಡಲಿಲ್ಲ. ಶೈಲನನ್ನೂ ನೋಡಲಿಲ್ಲ. ತಿರುಗಿ ನನ್ನ ಮುಖವನ್ನೇ ನೋಡಿದರು.

“ನೀವೆಂತಕೆ ನಿಲ್ಲಿಸಿದ್ದು?” ಎಂದರು.

ನೀವು! ನನಗೇ! ನಾನು ಶೈಲನ ಕಡೆ ತಿರುಗಿ ಉತ್ತರ ಹೇಳಲು ಹೋದೆ. ಅತ್ತೆ ಬಿಡಲಿಲ್ಲ. “ಅವಳ ಹತ್ರ ಅಲ್ಲ, ನನ್ನ ಹತ್ರ ಹೇಳಿ. ಮುಂದೆ ಬಿಡಿ ಅದನ್ನು. ಇಷ್ಟು ವಾರ ಕಾದದ್ದು ಇದಕ್ಕೇ ಅಲ್ವಾ?”

“ನಿಮಗೆ... ಗೊತ್ತಿತ್ತಾ?”

“ಗೊತ್ತಿಲ್ಲದೆ ಎಂತ? ಕುತ್ತಿಗೆಯಲ್ಲಿ ಎರಡು ತೂತು. ಹುಡುಗಿ ಬಿಳುಚಿಕೊಂಡಿದ್ದಾಳೆ, ಇವನ ತುಟಿ ಕೆಂಪಾಗಿದೆ. ಅಲ್ಲಿ ಎಲೆಯಡಿಕೆ ಹಾಕುವ ಕ್ರಮ ಇಲ್ಲ ಅಂತ ನನಗೂ ಗೊತ್ತುಂಟು. ಸೊಳ್ಳೆ ಅಂತೆ, ಸೊಳ್ಳೆ!”

“ಮತ್ತೆ ಮೊದಲೇ ಹೇಳಲಿಲ್ಲ ಯಾಕೆ?” ಎಂದಳು ಶೈಲ, ಕಣ್ಣು ತೆರೆದು.

“ಹೇಳಿದ್ರೆ ಇವರು ಕಥೆ ನಿಲ್ಲಿಸ್ತಿದ್ರು” ಎಂದರು ಅತ್ತೆ. “ನಿನ್ನ ಮದುವೆ ಆದಂದಿನಿಂದ ‘ಸಾಕು’, ‘ಬೇಡ’ ಬಿಟ್ಟು ಇವರ ಬಾಯಿಂದ ನಾನೊಂದು ಮಾತು ಕೇಳಿಲ್ಲ. ಅತ್ತೆ ಹತ್ರ ಮಾತಾಡುವ ಕ್ರಮ ಇವರ ಕಡೆ ಇಲ್ಲ ಅಂತ ನಾನೂ ಸುಮ್ಮನಿದ್ದೆ. ಮಗಳು ಕಲ್ಲುಗುಂಡಿನ ಜತೆ ಸಂಸಾರ ಮಾಡ್ತಾಳೋ ಎಂತದೋ ಅಂತ ಊರಲ್ಲಿ ನನಗೆ ನಿದ್ದೆ ಇರ್ಲಿಲ್ಲ. ಇಲ್ಲಿ ಬಂದೂ ಹಾಗೇ ಕಂಡಿತು, ಹೊರಟೆ. ಅಷ್ಟರಲ್ಲಿ ಇವರು ಬಾಯಿ ಬಿಟ್ರು. ಆ ಧಣಿಯ ತಮ್ಮನ ಕಥೆ ಎಷ್ಟು ಚೆಂದ ಹೇಳಿದ್ರು! ಸಿನಿಮಾದಲ್ಲಿ ಅವನು ಇಲ್ಲವೇ ಇಲ್ಲ.”

ಆರು ವರ್ಷ! ಅವರ ಕಡೆಯ ಕ್ರಮ ಎಂದು ನಾನು, ನಮ್ಮ ಕಡೆಯ ಕ್ರಮ ಎಂದು ಅವರು. ಯಾರ ಕಡೆಯೂ ಇಲ್ಲದ ಕ್ರಮವನ್ನು ಇಬ್ಬರೂ ಎಷ್ಟು ಭಕ್ತಿಯಿಂದ ಪಾಲಿಸಿದ್ದೆವು! ಶೈಲ ನಗಲಾರಂಭಿಸಿದವಳು ಹೊಟ್ಟೆ ಹಿಡಿದುಕೊಂಡು, “ಸಾಕು, ಇಲ್ಲೇ ಹೆರಿಗೆ ಆಗುತ್ತದೆ” ಎಂದಳು. ನಾನು ಬಟನ್ ಒತ್ತಿದೆ. ಈ ಸಲ ಸರಿಯಾದದ್ದನ್ನೇ. ಅತ್ತೆ ಆ ದೃಶ್ಯವನ್ನು ಕೊನೆಯವರೆಗೂ ನೋಡಿ ತೀರ್ಪು ಕೊಟ್ಟರು. “ಕುಡಿದರೆ ಕುಡಿದ. ನಮ್ಮ ಕಡೆ ಭೂತಕ್ಕೆ ವರ್ಷಕ್ಕೊಂದು ಕೋಲ ಕೊಟ್ಟು, ಅಹವಾಲು ಹೇಳಿ, ಕೈಮುಗಿದು ಕಳಿಸುದಿಲ್ವಾ? ಇವನಿಗೂ ಸಲ್ಲಬೇಕಾದ್ದು ಮರ್ಯಾದೆಯಲ್ಲಿ ಸಂದಿದ್ರೆ ಇವನೆಂತಕೆ ಕಿಟಕಿ ಹತ್ತುದು?” ಅಷ್ಟು ಸಿನಿಮಾ ತೆಗೆದವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು.

ಮಗಳು ಹುಟ್ಟಿದಳು. ಅತ್ತೆ ವೀಸಾ ಮುಗಿಯುವವರೆಗೆ ಇದ್ದು, ಅದನ್ನು ಮುಂದುವರಿಸಿ ಇನ್ನೂ ಇದ್ದು, ಆ ರಟ್ಟಿನ ಪೆಟ್ಟಿಗೆಯನ್ನು ತಳ ಕಾಣಿಸಿಯೇ ಊರಿಗೆ ಹೊರಟರು. ತುಳಸಿ ಡಬ್ಬವನ್ನು ಬಿಟ್ಟು ಹೋದರು. “ಇವರಿಗೆ ಇರ್ಲಿ, ಊರಿನ ಮಣ್ಣು” ಎಂದರು, ನನ್ನನ್ನೇ ನೋಡಿ. ಈಗ ತಿಂಗಳಿಗೊಮ್ಮೆ ಫೋನ್ ಮಾಡಿದಾಗ ಮಗುವಿನ ಹಲ್ಲು, ಶೈಲನ ಸೊಂಟನೋವು ಎರಡನ್ನೂ ಬೇಗ ವಿಚಾರಿಸಿ ಮುಗಿಸಿ, “ಅವರಿಗೆ ಕೊಡು” ಎನ್ನುತ್ತಾರೆ. “ಧಣಿ ಎದ್ದನಾ?” ಎಂದು ಕೇಳುತ್ತಾರೆ. ಎದ್ದ ಎನ್ನುತ್ತೇನೆ. ಹೇಗೆ ಎದ್ದ ಎಂದು ಹೇಳುತ್ತೇನೆ. ಅಂಥ ಸಿನಿಮಾ ಯಾರೂ ತೆಗೆದಿಲ್ಲ, ಅದು ಅವರಿಗೂ ಗೊತ್ತು.

ಮೊನ್ನೆ ಶೈಲ ಒಂದು ಸುದ್ದಿ ಹೇಳಿದಳು. ಅತ್ತೆ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಅಳಿಯನನ್ನು ಹೊಗಳುತ್ತಿದ್ದಾರಂತೆ. ಬಂಗಾರದಂಥವರು, ಬಿಸಿಲಿಗೆ ಅಲೆಯುವುದಿಲ್ಲ, ಕರೆಯದೆ ಯಾರ ಮನೆಗೂ ಹೋಗುವುದಿಲ್ಲ, ಕನ್ನಡಿ ಮುಂದೆ ನಿಲ್ಲುವುದಿಲ್ಲ, ಬೆಳ್ಳುಳ್ಳಿಯನ್ನಂತೂ ಕೈಯಲ್ಲೂ ಮುಟ್ಟುವುದಿಲ್ಲ. ಈ ಗುಣಗಳೆಲ್ಲ ಯಾರವು ಎಂದು ನನಗೆ ಗೊತ್ತು. ತಿದ್ದಲು ಹೋಗಲಿಲ್ಲ. ಹಮೀದಾಕನ ಹಿಂದಿನ ಕೋಣೆಯಲ್ಲಿ ಚಟ್ನಿ ನೆಕ್ಕುವುದು ಈಗಲೂ ನಡೆದಿದೆ. ಆದರೆ ಊರಿಗೆ ಫೋನ್ ಮಾಡುವ ದಿನ ಮಾತ್ರ, ರಿಸೀವರ್ ಎತ್ತುವ ಮೊದಲು, ಚೆನ್ನಾಗಿ ಬಾಯಿ ಮುಕ್ಕಳಿಸಿ ಒಂದು ಏಲಕ್ಕಿ ಹಾಕಿಕೊಳ್ಳುತ್ತೇನೆ.